ಹಿಂದಿ ಚಲನಚಿತ್ರ ಗೀತರಚನೆ

ಹಿಂದಿ ಚಲನಚಿತ್ರ ಗೀತರಚನೆ ಎಂಬುದು ಹಿಂದಿ ಭಾಷೆಯ ಚಲನಚಿತ್ರಗಳ ಹಾಡುಗಳಿಗೆ ಸಾಹಿತ್ಯವನ್ನು ಬರೆಯುವ ಕಲೆಯಾಗಿದೆ. ಹೀಗೆ ಬರೆಯುವವರನ್ನು ಹಿಂದಿಯಲ್ಲಿ ‘ಗೀತಕಾರ್’ ಎಂದೂ ಕನ್ನಡದಲ್ಲಿ ಗೀತರಚನಕಾರ ಅಥವಾ ಚಿತ್ರಸಾಹಿತಿ ಎಂದೂ ಕರೆಯುತ್ತಾರೆ. ಭಾರತದ ಮೊದಲ ವಾಕ್ಚಿತ್ರವಾದ ‘ಆಲಂ ಆರಾ’ (1931) ಏಳು ಹಾಡುಗಳೊಂದಿಗೆ ತೆರೆಕಂಡಿತು. ಅಂದಿನಿಂದ ಹಾಡು ಹಿಂದಿ ಚಿತ್ರದ ಅವಿಭಾಜ್ಯ ಅಂಗವಾಗಿಯೇ ಉಳಿದಿದೆ. ಚಿತ್ರಗೀತೆಯು ಸ್ವತಂತ್ರ ಕವಿತೆಯಂತೆ ಹುಟ್ಟುವುದಿಲ್ಲ. ಕಥೆಯ ಒಂದು ನಿರ್ದಿಷ್ಟ ಸನ್ನಿವೇಶಕ್ಕೆ, ಹಾಡುವ ಪಾತ್ರದ ಬಾಯಿಗೆ ಒಪ್ಪುವ ಮಾತಿನಲ್ಲಿ, ಬಹಳಷ್ಟು ಸಲ ಮೊದಲೇ ಸಿದ್ಧವಾಗಿರುವ ಧಾಟಿಗೆ ಅದನ್ನು ಬರೆಯಬೇಕಾಗುತ್ತದೆ. ಈ ಕಟ್ಟುಪಾಡುಗಳ ಒಳಗೇ ಉತ್ತಮ ಕಾವ್ಯವನ್ನು ಬರೆದವರು ಅನೇಕರಿದ್ದಾರೆ. ಆದರೆ ತಾವು ಬರೆದ ಸಾಲುಗಳ ಮೇಲಿನ ಹಕ್ಕು ಮತ್ತು ಹೆಸರಿಗಾಗಿ ಇವರು ಹಲವು ದಶಕಗಳ ಕಾಲ ಹೋರಾಡಬೇಕಾಯಿತು.

ಹಿನ್ನೆಲೆ

ಹಿಂದಿ ಚಿತ್ರಗೀತೆಯ ಮೂಲ ಪಾರ್ಸಿ ರಂಗಭೂಮಿಯಲ್ಲಿದೆ. ಕನ್ನಡದ ವೃತ್ತಿ ರಂಗಭೂಮಿಯ ಮೇಲೂ ಪ್ರಭಾವ ಬೀರಿದ ಪಾರ್ಸಿ ನಾಟಕ ಕಂಪನಿಗಳಲ್ಲಿ ಸಂಭಾಷಣೆಯನ್ನೂ ಹಾಡನ್ನೂ ಬರೆಯಲು ‘ಮುನ್ಷಿ’ ಎಂಬ ಲೇಖಕನಿರುತ್ತಿದ್ದ. ಮಾತು ಪದ್ಯಕ್ಕೂ ಪದ್ಯ ಹಾಡಿಗೂ ಸಲೀಸಾಗಿ ಹೊರಳುವ ಆ ನಾಟಕಗಳ ರೂಢಿಯು ವಾಕ್ಚಿತ್ರಕ್ಕೆ ಹಾಗೆಯೇ ಇಳಿದು ಬಂದಿತು. ಆಗಾ ಹಸನ್ ಅಮಾನತ್ ಬರೆದ 19ನೆಯ ಶತಮಾನದ ಉರ್ದು ಗೀತನಾಟಕವನ್ನು ಆಧರಿಸಿದ ‘ಇಂದ್ರಸಭಾ’ (1932) ಚಿತ್ರದಲ್ಲಿ ಸುಮಾರು 70 ಹಾಡುಗಳಿದ್ದವು.

1935ರ ‘ಧೂಪ್ ಛಾಂವ್’ ಚಿತ್ರದಿಂದ ಹಿನ್ನೆಲೆ ಗಾಯನದ ಪದ್ಧತಿ ಆರಂಭವಾಯಿತು. ಅಲ್ಲಿಯವರೆಗೆ ನಟನಟಿಯರೇ ಕ್ಯಾಮೆರಾದ ಎದುರು ಹಾಡಬೇಕಾಗಿತ್ತು. ಇದರೊಂದಿಗೆ ಗ್ರಾಮಫೋನ್ ತಟ್ಟೆಯೂ ಹಾಡಿನ ಆಕಾರವನ್ನು ನಿರ್ಧರಿಸಿತು. 78 ಆರ್‌ಪಿಎಂ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಧ್ವನಿಯಷ್ಟೇ ಹಿಡಿಯುತ್ತಿದ್ದುದರಿಂದ, ಒಂದು ಪಲ್ಲವಿ ಮತ್ತು ಎರಡು ಅಥವಾ ಮೂರು ಚರಣಗಳ ಅಳತೆ ರೂಢಿಗೆ ಬಂತು. ತಟ್ಟೆಯ ಕಾಲ ಮುಗಿದು ಬಹಳ ವರ್ಷಗಳಾದರೂ ಆ ಅಳತೆ ಹೆಚ್ಚು ಬದಲಾಗಿಲ್ಲ.

ರಚನೆಯ ಕ್ರಮ

ಹಾಡಿನ ಕೆಲಸವು ಸಾಮಾನ್ಯವಾಗಿ ‘ಸಿಟ್ಟಿಂಗ್’ ಎಂದು ಕರೆಯಲಾಗುವ ಬೈಠಕ್ಕಿನಲ್ಲಿ ಆರಂಭವಾಗುತ್ತದೆ. ನಿರ್ದೇಶಕನು ಸನ್ನಿವೇಶವನ್ನು ವಿವರಿಸುತ್ತಾನೆ: ಹಾಡುತ್ತಿರುವವರು ಯಾರು, ಯಾರನ್ನು ಕುರಿತು ಹಾಡುತ್ತಾರೆ, ಹಾಡು ಮುಗಿಯುವ ಹೊತ್ತಿಗೆ ಕಥೆ ಎಲ್ಲಿಗೆ ತಲುಪಿರಬೇಕು. ಸಂಗೀತ ನಿರ್ದೇಶಕನು ಹಾರ್ಮೋನಿಯಂನಲ್ಲಿ ಧಾಟಿಯನ್ನು ನುಡಿಸುತ್ತಾನೆ. ಇನ್ನೂ ಪದಗಳಿಲ್ಲದ ಧಾಟಿಯನ್ನು ನೆನಪಿಟ್ಟುಕೊಳ್ಳಲು ಅರ್ಥವಿಲ್ಲದ ಅಕ್ಷರಗಳನ್ನೋ ಬಾಯಿಗೆ ಬಂದ ಮಾತುಗಳನ್ನೋ ತುಂಬಿ ಹಾಡುವುದುಂಟು. ಇದನ್ನು ‘ಡಮ್ಮಿ’ ಸಾಹಿತ್ಯ ಎನ್ನುತ್ತಾರೆ. ಗೀತಕಾರನು ಡಮ್ಮಿಯ ಮಾತ್ರೆಗಳನ್ನು ಎಣಿಸಿಕೊಂಡು ಅದರ ಜಾಗದಲ್ಲಿ ತನ್ನ ಸಾಲನ್ನು ಕೂರಿಸುತ್ತಾನೆ. ‘ತೇಜಾಬ್’ (1988) ಚಿತ್ರದ ಪ್ರಸಿದ್ಧ ನೃತ್ಯಗೀತೆಗೆ ಲಕ್ಷ್ಮೀಕಾಂತ್–ಪ್ಯಾರೇಲಾಲ್ ಜೋಡಿಯ ಲಕ್ಷ್ಮೀಕಾಂತ್ ಡಮ್ಮಿಯಾಗಿ ಬರಿಯ ಸಂಖ್ಯೆಗಳನ್ನು ಎಣಿಸಿದ್ದರು. ಜಾವೇದ್ ಅಖ್ತರ್ ಆ ಸಂಖ್ಯೆಗಳನ್ನು ತೆಗೆಯದೆ, ಪ್ರಿಯಕರನ ದಾರಿ ಕಾಯುವ ಹೆಣ್ಣು ತಿಂಗಳ ತಾರೀಖುಗಳನ್ನು ಎಣಿಸುತ್ತಿದ್ದಾಳೆ ಎಂಬ ಅರ್ಥ ಬರುವಂತೆ ಇಡೀ ಹಾಡನ್ನು ಕಟ್ಟಿದರು.

ಹಾಡಿನ ಮೊದಲ ಸಾಲುಗಳನ್ನು ‘ಮುಖಡಾ’ ಎನ್ನುತ್ತಾರೆ. ಇದು ಕನ್ನಡದ ಪಲ್ಲವಿಗೆ ಸಮಾನವಾದುದು. ಚರಣಕ್ಕೆ ‘ಅಂತರಾ’ ಎಂದು ಹೆಸರು. ಪ್ರತಿ ಅಂತರಾದ ಕೊನೆಯ ಸಾಲು ಮುಖಡಾದ ಪ್ರಾಸಕ್ಕೆ ಹೊಂದಿಕೊಂಡು, ಕೇಳುಗನನ್ನು ಮತ್ತೆ ಪಲ್ಲವಿಗೆ ಕರೆತರಬೇಕು. ಗೀತಕಾರರಿಗೆ ಹೆಚ್ಚು ಕಷ್ಟ ಕೊಡುವುದು ಮುಖಡಾ. ಚಿತ್ರವನ್ನೇ ನೋಡದೆ ರೇಡಿಯೋದಲ್ಲಿ ಕೇಳುವವನಿಗೂ ಅದು ಅರ್ಥವಾಗಬೇಕು, ಒಮ್ಮೆ ಕೇಳಿದರೆ ನಾಲಗೆಯ ಮೇಲೆ ನಿಲ್ಲಬೇಕು, ಜೊತೆಗೆ ಕಥೆಯ ಆ ಘಳಿಗೆಗೂ ಸಲ್ಲಬೇಕು.

ಧಾಟಿ ಮೊದಲೋ ಸಾಹಿತ್ಯ ಮೊದಲೋ ಎಂಬುದು ಈ ಕ್ಷೇತ್ರದ ಹಳೆಯ ವಿವಾದ. ಎಸ್. ಡಿ. ಬರ್ಮನ್ ಸಾಮಾನ್ಯವಾಗಿ ಧಾಟಿಯನ್ನು ಮೊದಲು ಸಿದ್ಧಪಡಿಸುತ್ತಿದ್ದರು. ಸಾಹಿರ್ ಲೂಧಿಯಾನ್ವಿ ಅವರಿಗೆ ತಮ್ಮ ಪದಗಳೇ ಮೊದಲು ಬರಬೇಕೆಂಬ ಒಲವಿತ್ತು. ಸಿದ್ಧ ಧಾಟಿಗೆ ಪದ ಹೊಂದಿಸುವುದೆಂದರೆ ಮೊದಲು ಗುಂಡಿ ತೋಡಿ ಆಮೇಲೆ ಅದರ ಅಳತೆಯ ಹೆಣವನ್ನು ಹುಡುಕಿದಂತೆ ಎಂಬ ಕೈಫಿ ಆಜ್ಮಿ ಅವರ ಹಾಸ್ಯ ಪ್ರಸಿದ್ಧವಾಗಿದೆ. ಹಾಗೆಂದು ಧಾಟಿ ಮೊದಲು ಬಂದ ಹಾಡುಗಳೆಲ್ಲ ಕೃತಕವೆಂದು ತಿಳಿಯುವುದು ಸರಿಯಲ್ಲ. ಹಿಂದಿಯ ಅತ್ಯಂತ ಮೆಚ್ಚಿನ ಹಾಡುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಆ ಕ್ರಮದಲ್ಲಿಯೇ. ಧಾಟಿಯ ಇಕ್ಕಟ್ಟು ಕವಿಯನ್ನು ತನ್ನ ಸವೆದ ಛಂದಸ್ಸಿನಿಂದ ಹೊರಗೆಳೆದ ಉದಾಹರಣೆಗಳೂ ಸಾಕಷ್ಟಿವೆ.

ಪದಕ್ಕೆ ಸ್ವರವನ್ನು ಹೊಂದಿಸಬೇಕಾದ ಕಷ್ಟ ಸಂಗೀತ ನಿರ್ದೇಶಕನಿಗೂ ಬರುವುದುಂಟು. ‘ಇಜಾಜತ್’ (1987) ಚಿತ್ರಕ್ಕೆ ಗುಲ್ಜಾರ್ ಬರೆದ, ಅಗಲಿದ ಪ್ರೇಮಿಯ ಬಳಿ ಉಳಿದುಹೋದ ‘ಸಾಮಾನು’ಗಳನ್ನು ಕುರಿತ ಗೀತೆಯಲ್ಲಿ ನಿಯತ ಪ್ರಾಸವಾಗಲಿ ಸಮ ಅಳತೆಯ ಸಾಲುಗಳಾಗಲಿ ಇರಲಿಲ್ಲ. ಅದನ್ನು ಓದಿದ ಆರ್. ಡಿ. ಬರ್ಮನ್, ಇನ್ನು ವೃತ್ತಪತ್ರಿಕೆಯನ್ನೇ ತಂದು ರಾಗ ಹಾಕಲು ಹೇಳುತ್ತೀರಿ ಎಂದು ತಮಾಷೆ ಮಾಡಿದ್ದರೆಂದು ಹೇಳಲಾಗುತ್ತದೆ. ಅದೇ ಗೀತೆ ಗುಲ್ಜಾರ್ ಅವರಿಗೂ ಗಾಯಕಿ ಆಶಾ ಭೋಸ್ಲೆ ಅವರಿಗೂ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು.

ಛಂದಸ್ಸು ಮತ್ತು ಉಚ್ಚಾರಣೆ

ಚಿತ್ರಗೀತೆಗಳಲ್ಲಿ ಉರ್ದು ಗಜಲ್, ನಜ್ಮ್ ಮತ್ತು ಕವ್ವಾಲಿ, ಹಿಂದಿಯ ಭಜನ್ ಮತ್ತು ದೋಹಾ, ಅವಧಿ, ಬ್ರಜ್, ಭೋಜಪುರಿ ಹಾಗೂ ಪಂಜಾಬಿ ಜನಪದ ಗೀತೆಗಳ ರೂಪಗಳೆಲ್ಲ ಬಳಕೆಯಾಗಿವೆ. ಉರ್ದು ಛಂದಸ್ಸಿನಲ್ಲಿರುವ ಒಂದು ಸೌಲಭ್ಯವು ಗೀತಕಾರರಿಗೆ ಬಹಳ ನೆರವಾಗಿದೆ: ಪದಾಂತ್ಯದ ದೀರ್ಘ ಸ್ವರವನ್ನು ಅಗತ್ಯ ಬಿದ್ದಲ್ಲಿ ಹ್ರಸ್ವವಾಗಿ ಎಣಿಸಬಹುದು. ‘ಮೇರಾ’, ‘ತೇರಾ’ ಮುಂತಾದ ಪದಗಳ ಮೊದಲ ಅಕ್ಷರವನ್ನೂ ಕುಗ್ಗಿಸಬಹುದು. ಹೀಗಾಗಿ ಒಂದೇ ಪದವು ಧಾಟಿಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ.

ಪದವು ಬಾಯಿಯಲ್ಲಿ ಹೇಗೆ ಹೊರಳುತ್ತದೆ ಎಂಬುದೂ ಅರ್ಥದಷ್ಟೇ ಮುಖ್ಯ. ಕನ್ನಡದ ಬಹುತೇಕ ಪದಗಳು ಸ್ವರದಿಂದ ಮುಗಿಯುತ್ತವೆ. ಹಾಡುಗಾರನು ಸಾಲಿನ ಕೊನೆಯ ಅಕ್ಷರವನ್ನೇ ಎಳೆದು ಹಾಡಬಹುದು. ಹಿಂದಿಯಲ್ಲಿ ‘ಪ್ಯಾರ್’, ‘ರಾತ್’, ‘ದಿಲ್’ ಮೊದಲಾದ ಅಸಂಖ್ಯ ಪದಗಳು ವ್ಯಂಜನದಲ್ಲಿ ನಿಲ್ಲುತ್ತವೆ. ‘ಪ್ಯಾರ್’ ಎಂಬಲ್ಲಿ ಒಳಗಿನ ‘ಆ’ಕಾರವನ್ನು ಎಳೆಯಬಹುದು, ‘ದಿಲ್’ ಎಂಬಲ್ಲಿ ಎಳೆಯಲು ಸಿಗುವುದು ಹ್ರಸ್ವ ‘ಇ’ಕಾರ ಮಾತ್ರ. ಆದುದರಿಂದ ಧಾಟಿಯ ನೀಳ ಸ್ವರ ಬರುವ ಜಾಗದಲ್ಲಿ ಯಾವ ಪದ ನಿಲ್ಲಬೇಕೆಂಬುದನ್ನು ಅನುಭವಿ ಗೀತಕಾರರು ಬರೆಯುವಾಗಲೇ ಎಣಿಸಿರುತ್ತಾರೆ.

ಡಬ್ಬಿಂಗ್ ಗೀತೆಗಳಲ್ಲಿ ಇದರ ಮೇಲೆ ಇನ್ನೊಂದು ಕಟ್ಟು ಬೀಳುತ್ತದೆ. ವೈರಮುತ್ತು ಅವರ ತಮಿಳು ಗೀತೆಗಳಿದ್ದ ‘ರೋಜಾ’ (1992) ಚಿತ್ರದ ಹಿಂದಿ ರೂಪಕ್ಕೆ ಪಿ. ಕೆ. ಮಿಶ್ರ ಹಾಡು ಬರೆದಾಗ, ಧಾಟಿಯ ಜೊತೆಗೆ ನಟರ ತುಟಿಯ ಚಲನೆಗೂ ಪದಗಳನ್ನು ಹೊಂದಿಸಬೇಕಾಯಿತು. ‘ಕೆ.ಜಿ.ಎಫ್’ನಂತಹ ಕನ್ನಡ ಚಿತ್ರಗಳು ಹಿಂದಿಗೆ ಡಬ್ ಆದಾಗಲೂ ಇದೇ ಸಮಸ್ಯೆ ಎದುರಾಗುತ್ತದೆ.

ಭಾಷೆ

ಹಿಂದಿ ಚಿತ್ರಗೀತೆಯ ಭಾಷೆ ಸಂಸ್ಕೃತಭೂಯಿಷ್ಠ ಹಿಂದಿಯೂ ಅಲ್ಲ, ಪಾರ್ಸಿಭೂಯಿಷ್ಠ ಉರ್ದುವೂ ಅಲ್ಲ. ಎರಡರ ನಡುವಿನ, ‘ಹಿಂದುಸ್ತಾನಿ’ ಎಂದು ಕರೆಯಲಾಗುವ ಆಡುನುಡಿ. ದಿಲ್, ಇಶ್ಕ್, ಜಿಂದಗಿ, ವಫಾ ಮುಂತಾದ ಉರ್ದು ಪದಗಳು ಹಿಂದಿ ಬಾರದ ಕೇಳುಗರಿಗೂ ಪರಿಚಿತವಾಗಿರುವುದು ಬಹುಮಟ್ಟಿಗೆ ಚಿತ್ರಗೀತೆಗಳ ಮೂಲಕವೇ.

ಈ ನಡುಮಾರ್ಗವನ್ನು ಹಿಡಿಯಲು ಕವಿಗಳು ತಮ್ಮ ಸ್ವಂತ ಕೃತಿಗಳನ್ನೂ ತಿದ್ದಿದ್ದಾರೆ. ಬೆಂಗಳೂರಿನಲ್ಲಿ ಜನಿಸಿದ ಗುರುದತ್ ನಿರ್ದೇಶಿಸಿದ ‘ಪ್ಯಾಸಾ’ (1957) ಚಿತ್ರದಲ್ಲಿ, ವೇಶ್ಯಾವಾಟಿಕೆಯ ಬೀದಿಯಲ್ಲಿ ನಡೆಯುವ ಕವಿಯು ದೇಶದ ಹೆಮ್ಮೆಯನ್ನು ಪ್ರಶ್ನಿಸುವ ಹಾಡಿದೆ. ಇದು ಸಾಹಿರ್ ಈ ಮೊದಲೇ ಪ್ರಕಟಿಸಿದ್ದ ಉರ್ದು ಕವಿತೆಯ ರೂಪಾಂತರ. ಮೂಲದ ಪಲ್ಲವಿಯಲ್ಲಿದ್ದ ದೀರ್ಘ ಪಾರ್ಸಿ ಸಮಾಸವು ಸಾಮಾನ್ಯ ಪ್ರೇಕ್ಷಕನಿಗೆ ಅರ್ಥವಾಗುವಂತಿರಲಿಲ್ಲ. ಸಾಹಿರ್ ಆ ಸಮಾಸವನ್ನು ಬಿಟ್ಟು ಸರಳ ಹಿಂದುಸ್ತಾನಿಯ ಒಂದು ಸಾಲನ್ನು ಅಲ್ಲಿ ಇರಿಸಿದರು. ಭಾಷೆ ಸರಳವಾದಾಗ ಪ್ರಶ್ನೆಯ ಮೊನೆ ಇನ್ನಷ್ಟು ಹರಿತವಾಯಿತೆಂದೇ ಹೇಳಬೇಕು.

ಸರಳಗೊಳಿಸಲು ಕವಿ ಒಪ್ಪದ ಪ್ರಸಂಗವೂ ಉಂಟು. ‘ಶ್ರೀ 420’ (1955) ಚಿತ್ರದ ಮಳೆಯ ಯುಗಳಗೀತೆಯಲ್ಲಿ ಶೈಲೇಂದ್ರ ‘ಹತ್ತು ದಿಕ್ಕು’ಗಳ ಮಾತು ತಂದಾಗ, ಜನರಿಗೆ ನಾಲ್ಕು ದಿಕ್ಕುಗಳಷ್ಟೇ ಗೊತ್ತು ಎಂದು ಸಂಗೀತ ನಿರ್ದೇಶಕ ಜೈಕಿಶನ್ ಆಕ್ಷೇಪಿಸಿದರಂತೆ. ಕೇಳುಗರ ಅಭಿರುಚಿಯನ್ನು ಬೆಳೆಸುವುದೂ ಕಲಾವಿದನ ಕೆಲಸವೆಂದು ಶೈಲೇಂದ್ರ ಪಟ್ಟು ಹಿಡಿದರೆಂದೂ ಪದ ಹಾಗೆಯೇ ಉಳಿಯಿತೆಂದೂ ಹೇಳಲಾಗುತ್ತದೆ.

ಪಾತ್ರದ ಹಿನ್ನೆಲೆಗೆ ತಕ್ಕಂತೆ ಭಾಷೆ ಬದಲಾಗುತ್ತದೆ. ಗಜಲ್ ಕವಿಯಾಗಿ ಹೆಸರಾಗಿದ್ದ ಶಕೀಲ್ ಬದಾಯೂನಿ ‘ಬೈಜು ಬಾವ್ರಾ’ (1952) ಚಿತ್ರಕ್ಕೆ ಬರೆದ ಕೃಷ್ಣಭಕ್ತಿಯ ಭಜನೆಯಲ್ಲಿ ಬ್ರಜ್ ಭಾಷೆಯ ಛಾಯೆಯಿದೆ. ಅದಕ್ಕೆ ಸಂಗೀತ ನೀಡಿದವರು ನೌಷಾದ್, ಹಾಡಿದವರು ಮೊಹಮ್ಮದ್ ರಫಿ. ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಕಾಲದಲ್ಲಿ ಮೂವರು ಮುಸ್ಲಿಂ ಕಲಾವಿದರಿಂದ ರೂಪುಗೊಂಡ ಈ ಭಜನೆಯನ್ನು ಹಿಂದಿ ಚಿತ್ರಗೀತೆಯ ಸಮ್ಮಿಶ್ರ ಪರಂಪರೆಗೆ ಸಾಕ್ಷಿಯಾಗಿ ಇಂದಿಗೂ ಉದಾಹರಿಸುತ್ತಾರೆ. ಇತ್ತೀಚಿನ ಚಿತ್ರಗಳಲ್ಲಿ ‘ಲಗಾನ್’ (2001) ಚಿತ್ರಕ್ಕೆ ಜಾವೇದ್ ಅಖ್ತರ್ ಹಳ್ಳಿಗಾಡಿನ ನುಡಿಯನ್ನು ಬಳಸಿದರು. ‘ಗ್ಯಾಂಗ್ಸ್ ಆಫ್ ವಾಸೇಪುರ್’ (2012) ಚಿತ್ರದಲ್ಲಿ ವರುಣ್ ಗ್ರೋವರ್, ಬಿಹಾರ ಭಾಗದ ಜನ ಇಂಗ್ಲಿಷ್ ಪದಗಳನ್ನು ಬಾಗಿಸಿ ಆಡುವ ರೀತಿಯನ್ನೇ ಹಾಡಾಗಿಸಿದರು.

ಪ್ರಮುಖ ಗೀತಕಾರರು

ಆರಂಭದ ಹಂತದಲ್ಲಿ ಕಿದಾರ್ ಶರ್ಮಾ, ಆರ್ಜೂ ಲಖನವಿ, ಡಿ. ಎನ್. ಮಧೋಕ್ ಮೊದಲಾದವರು ಹೆಸರು ಮಾಡಿದರು. ಕವಿ ಪ್ರದೀಪ್ ‘ಕಿಸ್ಮತ್’ (1943) ಚಿತ್ರಕ್ಕೆ ಬರೆದ ದೇಶಭಕ್ತಿ ಗೀತೆಯು ಎರಡನೆಯ ಮಹಾಯುದ್ಧದ ಶತ್ರುಗಳಾದ ಜರ್ಮನಿ ಮತ್ತು ಜಪಾನ್‌ಗಳನ್ನು ಹೆಸರಿಸಿ ಬ್ರಿಟಿಷ್ ಸೆನ್ಸಾರ್‌ನ ಕಣ್ಣು ತಪ್ಪಿಸಿತು. ಆದರೆ ಅದು ಯಾರನ್ನು ಹೊರಹೋಗಲು ಹೇಳುತ್ತಿದೆಯೆಂಬುದು ಕ್ವಿಟ್ ಇಂಡಿಯಾ ಚಳವಳಿಯ ದಿನಗಳ ಪ್ರೇಕ್ಷಕರಿಗೆ ಸ್ಪಷ್ಟವಾಗಿತ್ತು.

ಸ್ವಾತಂತ್ರ್ಯದ ನಂತರದ ಎರಡು ದಶಕಗಳನ್ನು ಹಿಂದಿ ಗೀತರಚನೆಯ ಸುವರ್ಣಯುಗ ಎನ್ನುತ್ತಾರೆ. ಪ್ರಗತಿಶೀಲ ಲೇಖಕರ ಸಂಘ ಮತ್ತು ಭಾರತೀಯ ಜನ ನಾಟ್ಯ ಸಂಘ (ಇಪ್ಟಾ) ಇವುಗಳ ಒಡನಾಟವಿದ್ದ ಕವಿಗಳು ಆಗ ಮುಂಬಯಿ ಚಿತ್ರರಂಗಕ್ಕೆ ಬಂದರು. ಅವರಲ್ಲಿ ಶೈಲೇಂದ್ರ ರೈಲ್ವೆ ವರ್ಕ್‌ಶಾಪಿನ ನೌಕರರಾಗಿದ್ದರು. ಸಭೆಯೊಂದರಲ್ಲಿ ಅವರ ಕವಿತೆ ಕೇಳಿದ ರಾಜ್ ಕಪೂರ್ ಅದನ್ನು ಚಿತ್ರಕ್ಕಾಗಿ ಕೊಳ್ಳಲು ಬಯಸಿದಾಗ, ಕವಿತೆ ಮಾರಾಟಕ್ಕಿಲ್ಲವೆಂದು ನಿರಾಕರಿಸಿದ್ದರು. ಮುಂದೆ ಸಂಸಾರದ ಹಣದ ಅಡಚಣೆಯಿಂದ ತಾವಾಗಿಯೇ ರಾಜ್ ಕಪೂರ್ ಅವರನ್ನು ಕಂಡು ‘ಬರಸಾತ್’ (1949) ಚಿತ್ರಕ್ಕೆ ಬರೆದರು. ಅದೇ ಚಿತ್ರದ ಇನ್ನೊಬ್ಬ ಗೀತಕಾರ ಹಸ್ರತ್ ಜೈಪುರಿ ಮುಂಬಯಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ‘ಆವಾರಾ’ (1951), ‘ಗೈಡ್’ (1965) ಮೊದಲಾದ ಚಿತ್ರಗಳ ಶೈಲೇಂದ್ರ ಗೀತೆಗಳಲ್ಲಿ ದೊಡ್ಡ ಮಾತನ್ನು ಸಣ್ಣ ಪದಗಳಲ್ಲಿ ಹೇಳುವ ಗುಣವಿದೆ. ಅವರು ನಿರ್ಮಿಸಿದ ‘ತೀಸ್ರಿ ಕಸಮ್’ (1966) ಗಳಿಕೆಯಲ್ಲಿ ಸೋತಿತು. ಸಾಲದ ಹೊರೆಯ ನಡುವೆ ಅವರು ಅದೇ ವರ್ಷದ ಡಿಸೆಂಬರ್ 14ರಂದು ನಿಧನರಾದರು. ಚಿತ್ರಕ್ಕೆ ರಾಷ್ಟ್ರಪತಿಗಳ ಚಿನ್ನದ ಪದಕ ದೊರೆಯಿತು.

ಮಜ್ರೂಹ್ ಸುಲ್ತಾನ್‌ಪುರಿ ವೃತ್ತಿಯಿಂದ ಯುನಾನಿ ಹಕೀಮರು. ‘ಷಹಜಹಾನ್’ (1946) ಚಿತ್ರದಲ್ಲಿ ಕೆ. ಎಲ್. ಸೈಗಲ್ ಅವರಿಗೆ ಹಾಡು ಬರೆದ ಅವರೇ 42 ವರ್ಷಗಳ ನಂತರ ‘ಕಯಾಮತ್ ಸೇ ಕಯಾಮತ್ ತಕ್’ (1988) ಚಿತ್ರದ ಹದಿಹರೆಯದ ಪ್ರೇಮಗೀತೆಗಳನ್ನೂ ಬರೆದರು. ಸ್ವಾತಂತ್ರ್ಯಾನಂತರದ ವರ್ಷಗಳಲ್ಲಿ ನೆಹರೂ ಅವರನ್ನು ಟೀಕಿಸಿದ ಕವಿತೆಗಾಗಿ ಅವರು ಸೆರೆಮನೆ ವಾಸ ಅನುಭವಿಸಿದ್ದರು.

ಸೇನೆಯ ಕೆಲಸ ಬಿಟ್ಟು ಬಂದ ಆನಂದ್ ಬಕ್ಷಿ ಮೂರು ಸಾವಿರಕ್ಕೂ ಹೆಚ್ಚು ಗೀತೆಗಳನ್ನು ಬರೆದರು. ಅವರದು ಬರಿಯ ಪ್ರಾಸ ಜೋಡಣೆ ಎಂದು ಸಾಹಿತ್ಯವಲಯದಲ್ಲಿ ಕೆಲವರು ಹೀಗಳೆದದ್ದುಂಟು. ಈ ಟೀಕೆ ನ್ಯಾಯವಾದುದಲ್ಲ: ‘ಆರಾಧನಾ’ (1969), ‘ಅಮರ್ ಪ್ರೇಮ್’ (1972) ಚಿತ್ರಗಳ ಅವರ ಗೀತೆಗಳನ್ನು ಕಥೆಯಿಂದ ತೆಗೆದರೆ ಕಥೆಯೇ ಅರ್ಧ ನಿಲ್ಲುತ್ತದೆ. ಚಿತ್ರಗೀತೆಯನ್ನು ಅಳೆಯಬೇಕಾದ ಮಾನದಂಡ ಅದು.

ಗುಲ್ಜಾರ್ ಮುಂಬಯಿಯ ಗ್ಯಾರೇಜೊಂದರಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ‘ಬಂದಿನಿ’ (1963) ಚಿತ್ರಕ್ಕೆ ಒಂದು ಹಾಡು ಬರೆಯುವ ಅವಕಾಶ ಪಡೆದರು. ಆಗ ಎಸ್. ಡಿ. ಬರ್ಮನ್ ಅವರೊಂದಿಗೆ ಮನಸ್ತಾಪವಿದ್ದ ಶೈಲೇಂದ್ರರೇ ಅವರನ್ನು ಬರೆಯಲು ಒತ್ತಾಯಿಸಿದ್ದರು. ಕಣ್ಣಿಗೆ ಪರಿಮಳವನ್ನು ಆರೋಪಿಸುವಂತಹ ಅವರ ಅಪರೂಪದ ಪ್ರತಿಮೆಗಳು ಮೊದಮೊದಲು ಆಕ್ಷೇಪಕ್ಕೆ ಗುರಿಯಾದವು. ‘ದಿಲ್ ಸೇ’ (1998) ಚಿತ್ರದ ರೈಲಿನ ಹಾಡು ಸೂಫಿ ಕವಿ ಬುಲ್ಲೇ ಷಾಹನ ಪಂಜಾಬಿ ಪದವೊಂದರಿಂದ ಪ್ರೇರಣೆ ಪಡೆದುದು.

1990ರ ದಶಕದಲ್ಲಿ ಅತಿ ಹೆಚ್ಚು ಬೇಡಿಕೆಯಲ್ಲಿದ್ದ ಸಮೀರ್ ಅವರ ಹೆಸರು ಅತ್ಯಧಿಕ ಹಾಡುಗಳನ್ನು ಬರೆದವರೆಂದು ಗಿನ್ನೆಸ್ ದಾಖಲೆಯಲ್ಲಿ ಸೇರಿದೆ. ಪ್ರಸೂನ್ ಜೋಶಿ, ಸ್ವಾನಂದ್ ಕಿರ್ಕಿರೆ, ಇರ್ಷಾದ್ ಕಾಮಿಲ್, ಅಮಿತಾಭ್ ಭಟ್ಟಾಚಾರ್ಯ 21ನೆಯ ಶತಮಾನದ ಪ್ರಮುಖರು. ಮಾಯಾ ಗೋವಿಂದ್, ರಾಣಿ ಮಲಿಕ್, ಕೌಸರ್ ಮುನೀರ್, ಅನ್ವಿತಾ ದತ್ ಅವರಂತಹ ಲೇಖಕಿಯರು ಬರೆದಿದ್ದರೂ ಈ ಕ್ಷೇತ್ರದಲ್ಲಿ ಮಹಿಳೆಯರ ಸಂಖ್ಯೆ ಇಂದಿಗೂ ಕಡಿಮೆಯೇ.

ಪ್ರಶಸ್ತಿಗಳು

ಫಿಲ್ಮ್‌ಫೇರ್ ಸಂಸ್ಥೆಯ ಅತ್ಯುತ್ತಮ ಗೀತರಚನಕಾರ ಪ್ರಶಸ್ತಿಯನ್ನು ಮೊದಲು ಪಡೆದವರು ‘ಯಹೂದಿ’ (1958) ಚಿತ್ರಕ್ಕಾಗಿ ಶೈಲೇಂದ್ರ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು ಗೀತಕಾರರೊಬ್ಬರಿಗೆ ಮೊದಲ ಬಾರಿಗೆ 1993ನೆಯ ಸಾಲಿನಲ್ಲಿ ಸಂದಿತು. ಅದನ್ನು ಪಡೆದವರು ಮಜ್ರೂಹ್. ‘ಸ್ಲಮ್‌ಡಾಗ್ ಮಿಲಿಯನೇರ್’ ಚಿತ್ರದ ಗೀತೆಗಾಗಿ ಗುಲ್ಜಾರ್ 2009ರಲ್ಲಿ ಎ. ಆರ್. ರೆಹಮಾನ್ ಅವರೊಂದಿಗೆ ಆಸ್ಕರ್ ಹಂಚಿಕೊಂಡರು.

ಹೆಸರು ಮತ್ತು ಹಕ್ಕು

ಹಾಡು ಜನಪ್ರಿಯವಾದಾಗ ಜನ ನೆನೆಯುವುದು ಗಾಯಕರನ್ನು, ತೆರೆಯ ಮೇಲೆ ತುಟಿಯಾಡಿಸಿದ ನಟರನ್ನು, ಆಮೇಲೆ ಸಂಗೀತ ನಿರ್ದೇಶಕರನ್ನು. ರೇಡಿಯೋದಲ್ಲಿಯೂ ಬಹುಕಾಲ ಗೀತಕಾರರ ಹೆಸರು ಹೇಳುವ ವಾಡಿಕೆ ಇರಲಿಲ್ಲ. ಆಕಾಶವಾಣಿಯಲ್ಲಿ ಗಾಯಕ ಮತ್ತು ಸಂಗೀತ ನಿರ್ದೇಶಕರ ಜೊತೆಗೆ ಗೀತಕಾರರ ಹೆಸರನ್ನೂ ಹೇಳುವ ಪದ್ಧತಿ ಬಂದುದರ ಶ್ರೇಯಸ್ಸನ್ನು ಸಾಮಾನ್ಯವಾಗಿ ಸಾಹಿರ್ ಅವರಿಗೆ ನೀಡಲಾಗುತ್ತದೆ. ಲತಾ ಮಂಗೇಶ್ಕರ್ ಅವರಿಗಿಂತ ಒಂದು ರೂಪಾಯಿ ಹೆಚ್ಚು ಸಂಭಾವನೆ ತಮಗೆ ಬೇಕೆಂದು ಅವರು ಕೇಳಿದರೆಂಬ ಕಥೆಯೂ ಪ್ರಚಲಿತದಲ್ಲಿದೆ. ಕೇಳಿದ್ದು ಹೆಚ್ಚುವರಿ ಹಣಕ್ಕಿಂತ ಮಿಗಿಲಾಗಿ ಪದಕ್ಕೆ ಸಲ್ಲಬೇಕಾದ ಸ್ಥಾನವನ್ನು ಎಂದು ಅದನ್ನು ಹೇಳುವವರು ವಿವರಿಸುತ್ತಾರೆ.

ಹಣದ ಪ್ರಶ್ನೆ ಇನ್ನೂ ಜಟಿಲವಾಗಿತ್ತು. ಗೀತಕಾರರಿಗೆ ಹಾಡೊಂದಕ್ಕೆ ಇಷ್ಟೆಂದು ಒಂದೇ ಗಂಟಿನಲ್ಲಿ ಸಂಭಾವನೆ ಕೊಟ್ಟು, ಎಲ್ಲ ಹಕ್ಕುಗಳನ್ನು ನಿರ್ಮಾಪಕರು ಬರೆಸಿಕೊಳ್ಳುತ್ತಿದ್ದರು. ಆ ಹಾಡು ಮುಂದೆ ಐವತ್ತು ವರ್ಷ ರೇಡಿಯೋ, ಕ್ಯಾಸೆಟ್, ದೂರದರ್ಶನ, ಮೊಬೈಲ್ ರಿಂಗ್‌ಟೋನ್‌ಗಳಲ್ಲಿ ಹಣ ಗಳಿಸಿದರೂ ಬರೆದವರಿಗೆ ಅದರಲ್ಲಿ ಪಾಲಿರಲಿಲ್ಲ. ಲೇಖಕರ ಮತ್ತು ಸಂಯೋಜಕರ ಪರವಾಗಿ ಗೌರವಧನ ಸಂಗ್ರಹಿಸಲು 1969ರಲ್ಲಿ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಸ್ಥಾಪನೆಯಾಯಿತು. ಆದರೆ 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಚಿತ್ರಕ್ಕಾಗಿ ಬರೆಸಿದ ಗೀತೆಯ ಹಕ್ಕು ನಿರ್ಮಾಪಕನಿಗೇ ಸೇರುತ್ತದೆಂದು ತೀರ್ಪು ನೀಡಿತು.

ಈ ಸ್ಥಿತಿ ಬದಲಾಗಲು 35 ವರ್ಷ ಹಿಡಿಯಿತು. 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಜಾವೇದ್ ಅಖ್ತರ್ ಕಾನೂನಿನ ತಿದ್ದುಪಡಿಗಾಗಿ ಸಂಸತ್ತಿನ ಒಳಗೂ ಹೊರಗೂ ವಾದಿಸಿದರು. 2012ರ ಮೇ ತಿಂಗಳಲ್ಲಿ ಉಭಯ ಸದನಗಳು ಕೃತಿಸ್ವಾಮ್ಯ (ತಿದ್ದುಪಡಿ) ಮಸೂದೆಯನ್ನು ಅಂಗೀಕರಿಸಿದವು. ಅದು ಜೂನ್ 21ರಂದು ಜಾರಿಗೆ ಬಂತು. ಇದರ ಪ್ರಕಾರ, ಚಿತ್ರಮಂದಿರದಲ್ಲಿ ಚಿತ್ರದ ಭಾಗವಾಗಿ ಪ್ರದರ್ಶನಗೊಳ್ಳುವುದನ್ನು ಬಿಟ್ಟು ಉಳಿದ ಎಲ್ಲ ಬಳಕೆಗಳಿಂದ ಬರುವ ಗೌರವಧನದಲ್ಲಿ, ಗೀತೆಯ ಮತ್ತು ಸಂಗೀತದ ಕರ್ತೃಗಳಿಗೆ ಹಕ್ಕು ಪಡೆದವರೊಂದಿಗೆ ಸಮಪಾಲು ಸಲ್ಲಬೇಕು. ಈ ಪಾಲನ್ನು ತಮ್ಮ ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಹೊರತು ಬೇರೆ ಯಾರಿಗೂ ಬಿಟ್ಟುಕೊಡಲು ಬರುವುದಿಲ್ಲ. ಬಿಟ್ಟುಕೊಟ್ಟೆನೆಂದು ಒಪ್ಪಂದ ಬರೆದುಕೊಟ್ಟರೂ ಅದು ಊರ್ಜಿತವಲ್ಲ. ಚೌಕಾಸಿಯ ಶಕ್ತಿಯಿಲ್ಲದ ಹೊಸ ಗೀತಕಾರರಿಗೆ ಈ ಕೊನೆಯ ಅಂಶವೇ ಹೆಚ್ಚಿನ ರಕ್ಷಣೆ.

ಹೆಸರಿನ ಪ್ರಶ್ನೆ ಮಾತ್ರ ಅಂತರಜಾಲದ ಕಾಲದಲ್ಲಿ ಮತ್ತೆ ತಲೆಯೆತ್ತಿತು. ಹಾಡು ಕೇಳಿಸುವ ಆ್ಯಪ್‌ಗಳಲ್ಲಿ ಅನೇಕ ಸಲ ಗಾಯಕರ ಮತ್ತು ಚಿತ್ರದ ಹೆಸರಷ್ಟೇ ಕಾಣಿಸಿಕೊಳ್ಳುತ್ತಿತ್ತು. 2020ರಲ್ಲಿ ಸಮೀರ್, ಸ್ವಾನಂದ್ ಕಿರ್ಕಿರೆ, ಕೌಸರ್ ಮುನೀರ್, ವರುಣ್ ಗ್ರೋವರ್ ಮುಂತಾದ ಗೀತಕಾರರು ಒಟ್ಟುಗೂಡಿ, ತಮ್ಮ ಹೆಸರನ್ನು ನಮೂದಿಸಬೇಕೆಂಬ ಬೇಡಿಕೆಯನ್ನೇ ವಸ್ತುವಾಗಿಟ್ಟುಕೊಂಡು ಹಾಡೊಂದನ್ನು ಬರೆದು ಬಿಡುಗಡೆ ಮಾಡಿದರು.